ಖಾಲಿ ಜಾಗಕ್ಕೊಂದು ಗೆರೆ

ಬಿಸ್ಕತ್ತು ಕಾರ್ಖಾನೆಯವರು ಧಿಕ್ಕಾರಪ್ಪನಿಗೆ ಹನ್ನೊಂದು ತಿಂಗಳ ಸಂಬಳ ಕೊಡುವುದು ಇನ್ನೂ ಬಾಕಿ ಇದೆ. ಕೊಡುವುದಿಲ್ಲ ಎಂದು ಮಾಲೀಕ ಒಂದು ದಿನವೂ ಹೇಳಿಲ್ಲ, ಕೊಟ್ಟಾಗಿದೆ ಎನ್ನುತ್ತಾನೆ! ಮುಷ್ಕರ ಮುಗಿದ ದಿನ ಒಪ್ಪಂದದ ಕಾಗದದಲ್ಲಿ ಕೊನೆಯ ಸಾಲಿಗೂ ಕಾರ್ಮಿಕರ ಸಹಿಗೂ ನಡುವೆ ಮೂರು ಬೆರಳಷ್ಟು ಜಾಗ ಉಳಿದುಹೋಗಿತ್ತು. ಮಾರನೆಯ ದಿನ ನೋಡಿದರೆ ಆ ಮೂರು ಬೆರಳಿನಲ್ಲಿ ‘ಬಾಕಿಯೆಲ್ಲ ಸಂದಾಯವಾಗಿದೆ’ ಎಂಬ ಎರಡೇ ಎರಡು ಪದ ಬಂದು ಚಕ್ಕಳಮಕ್ಕಳ ಹಾಕಿ ಕೂತಿದ್ದವು.

ಧಿಕ್ಕಾರಪ್ಪ ಆ ಕಾರ್ಖಾನೆಯ ಓವನ್ ಮೆಕ್ಯಾನಿಕ್ ಆಗಿದ್ದವನು. ಇಪ್ಪತ್ತು ವರ್ಷ ಗಂಟಲು ಹರಿಯುವಂತೆ ಧಿಕ್ಕಾರ ಕೂಗಿ ಸಂಪಾದಿಸಿದ್ದು ಆ ಹೆಸರೊಂದನ್ನೇ. ಪೊಲೀಸರ ಲಾಠಿಗೆ ಹೆದರದ ಈ ಮಹಾಶೂರ ಅಂದಿನಿಂದ ಕಾಗದದ ಮೇಲೆ ಖಾಲಿ ಜಾಗ ಕಂಡರೆ ಹಾವು ಕಂಡಂತೆ ಬೆಚ್ಚತೊಡಗಿದ. ಕರೆಂಟು ಬಿಲ್ಲು, ಔಷಧಿ ಚೀಟಿ, ಮದುವೆಯ ಕರೆಯೋಲೆ, ಯಾವುದೇ ಇರಲಿ, ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ ಮೇಲೆಯೇ ಅವನಿಗೆ ಉಸಿರು.

ಇಂಥವನ ಹತ್ತು ವರ್ಷದ ಮಗಳು ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಬೇಕಾಯಿತು. ಎಂಬತ್ತು ಸೀಟು, ಆರು ಸಾವಿರ ಮಕ್ಕಳು. ಸಿಕ್ಕರೆ ಹನ್ನೆರಡನೆಯ ತರಗತಿಯವರೆಗೆ ಫೀಸಿನ ಮಾತೇ ಇಲ್ಲ. ಸಿಗದಿದ್ದರೆ ಬೀದಿ ಕೊನೆಯ ಶಾಲೆ. ಅಲ್ಲಿ ಗಣಿತದ ಮೇಷ್ಟರು ಹೋಗಿ ಎರಡು ವರ್ಷವಾಗಿತ್ತು, ಅವರ ಕುರ್ಚಿಯೂ ಹೋಗಿತ್ತು.

“ಟ್ಯೂಷನ್ ಯಾಕೆ?” ಧಿಕ್ಕಾರಪ್ಪ ಎದೆ ಸೆಟೆಸಿದ. “ಮುನ್ನೂರು ಜನರನ್ನ ಗೇಟಿನ ಮುಂದೆ ನಲವತ್ತು ದಿನ ಕೂರಿಸಿದೋನು ನಾನು! ಒಂದು ಹುಡುಗೀನ ಮೇಜಿನ ಮುಂದೆ ಎರಡು ಗಂಟೆ ಕೂರಿಸೋಕಾಗಲ್ವಾ?”

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. “ಕೂರಿಸೋದು ನಿಮಗೆ ಚೆನ್ನಾಗಿ ಬರುತ್ತೆ ರೀ. ಆ ಮುನ್ನೂರು ಜನ ಕೆಲಸ ಹೋಗಿ ಇನ್ನೂ ಮನೇಲಿ ಕೂತೇ ಇದಾರೆ.”

ತರಬೇತಿ ಆರಂಭವಾಯಿತು. ಭಿನ್ನರಾಶಿಯನ್ನು ತಾಯಿ ಬಟ್ಟೆ ಅಳೆಯುವ ಟೇಪು ಹಿಡಿದು ಕಲಿಸಿದಳು. ಭಾಷೆಯನ್ನು ಮಗಳು ತಾನೇ ಕಲಿತಳು. ಉಳಿದ ಘನಕಾರ್ಯ ಧಿಕ್ಕಾರಪ್ಪನದು!

“ಕಾಗದ ಕೈಗೆ ಬಂದ ತಕ್ಷಣ ಏನು ಮಾಡ್ತೀಯ?”

“ಹಿಂದೆ ಮುಂದೆ ಪೂರ್ತಿ ಓದ್ತೀನಿ.”

“ಖಾಲಿ ಜಾಗ ಕಂಡರೆ?”

“ಗೆರೆ! ಸಹಿ!”

“ಯಾರನ್ನ ನಂಬಬಾರದು?”

“ಕಚೇರಿಯವರನ್ನ!”

ಮೂರು ತಿಂಗಳು ದಿನಾ ಸಂಜೆ ಇದೇ ಜಪ.

ಪರೀಕ್ಷೆ ಮುಗಿಸಿ ಹೊರಬಂದ ಮಗಳು ಕುಣಿಯುತ್ತಿದ್ದಳು. “ನೂರಕ್ಕೆ ನೂರೂ ಬರೆದೆ ಅಪ್ಪಾ! ಎಲ್ಲೂ ಖಾಲಿ ಬಿಟ್ಟಿಲ್ಲ. ಕೊನೇಲೊಂದು ದೊಡ್ಡ ಚೌಕ ಖಾಲಿ ಇತ್ತು. ಅದಕ್ಕೂ ಗೆರೆ ಎಳೆದು ಸಹಿ ಹಾಕ್ದೆ.”

ಧಿಕ್ಕಾರಪ್ಪ ತೆಗೆದ ಸೈಕಲ್ ಸ್ಟ್ಯಾಂಡನ್ನು ಮತ್ತೆ ಹಾಕಿದ. “ಯಾವ ಚೌಕ, ಮಗಾ?”

“‘ಕಚೇರಿಯ ಉಪಯೋಗಕ್ಕೆ ಮಾತ್ರ, ಪಡೆದ ಅಂಕ’ ಅಂತಿತ್ತು. ಕಚೇರಿಯವರು ಅಂದಮೇಲೆ ಸುಮ್ನೆ ಬಿಡ್ತೀನಾ? ‘ಇಲ್ಲಿ ಯಾರೂ ಏನೂ ಬರೆಯತಕ್ಕದ್ದಲ್ಲ’ ಅಂತ್ಲೂ ಬರೆದುಬಿಟ್ಟೆ!”

ಧಿಕ್ಕಾರಪ್ಪ ಹಾಲ್ ಟಿಕೆಟ್ ತಿರುಗಿಸಿದ. ಒಂಬತ್ತನೆಯ ಸೂಚನೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು: ‘ಉತ್ತರ ಪತ್ರಿಕೆಯ ಮೇಲೆ ಅನಗತ್ಯ ಬರಹ ಅಥವಾ ಗುರುತು ಕಂಡುಬಂದಲ್ಲಿ ಅದನ್ನು ತಿರಸ್ಕರಿಸಲಾಗುವುದು.’ ಮಗಳನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿದರೆ ಪೆಡಲ್ಲು ಯಾರದೋ ಕಾಲಿನ ಕೆಳಗೆ ತಿರುಗುತ್ತಿರುವಂತಿತ್ತು.

ಮೂರು ದಿನ ಅವನಿಗೆ ಅನ್ನ ಇಳಿಯಲಿಲ್ಲ. ಅಂಚೆಯವನ ಬೆಲ್ಲು ಕೇಳಿದರೆ ಬಚ್ಚಲಿಗೆ ಓಡುತ್ತಿದ್ದ. ಮಗಳು “ನಾನು ಯಾವಾಗ ಹೋಗೋದು ಅಪ್ಪಾ?” ಎಂದು ಹೊಸ ಚೀಲವನ್ನು ಬೆನ್ನಿಗೆ ಹಾಕಿ ತೋರಿಸಿದಾಗಲಂತೂ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬರುತ್ತೇನೆಂದು ಬೀದಿಗೆ ಇಳಿದ. ಕೊನೆಗೆ ಹೆಂಡತಿಯ ಮುಂದೆ ಎಲ್ಲ ಕಕ್ಕಿದ.

ಯಂತ್ರ ನಿಂತಿತು. ಅದು ನಿಂತದ್ದೇ ಬೈಗುಳಕ್ಕಿಂತ ಭಯಂಕರವಾಗಿತ್ತು.

“ನಿಮ್ಮ ಸಂಬಳ ಹೋಯ್ತು, ನಾನು ಹೊಲಿದೆ. ಅವಳ ಶಾಲೆ ಹೋದರೆ ಯಾವ ಸೂಜೀಲಿ ಹೊಲೀಲಿ? ನಡೀರಿ, ಹೋಗಿ ತಪ್ಪಾಯ್ತು ಅನ್ನಿ. ಅಲ್ಲಿ ಮಾತ್ರ ಕೂಗಬೇಡಿ!”

ಪರೀಕ್ಷಾ ಕಚೇರಿಯಲ್ಲಿ ಮೂರನೆಯ ಕಿಟಕಿ. ಒಳಗೆ ದಪ್ಪ ಕನ್ನಡಕದ ಮೇಡಂ, ಸುತ್ತ ಗೋಡೆಯೆತ್ತರದ ಫೈಲು. ಮಗಳು ಕಿಟಕಿಯ ಕಟ್ಟೆಗೆ ಗಲ್ಲ ಊರಿ ನಿಂತಳು. ಧಿಕ್ಕಾರಪ್ಪ, ಬಾಯಿಬಿಟ್ಟರೆ ಹಳೇ ಅಭ್ಯಾಸಬಲದಿಂದ “ಬೇಕೇ ಬೇಕು” ಎಂದು ಬಂದೀತೆಂದು ಹೆದರಿ, ಪಿಸುಗುಟ್ಟಿದ.

“ಮೇಡಂ, ತಪ್ಪಾಗಿದೆ. ಮಗುದಲ್ಲ, ನಂದು. ನಾನೇ ಹೇಳಿಕೊಟ್ಟಿದ್ದು.”

ಮೇಡಂ ಕಥೆಯೆಲ್ಲ ಕೇಳಿದರು. ನಗಲಿಲ್ಲ. ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಕಿಟಕಿಯಿಂದಾಚೆ ತಳ್ಳಿದರು.

“ಸಹಿ ಮಾಡಿ.”

“ಇದರಲ್ಲಿ ಏನೂ ಬರೆದಿಲ್ವಲ್ಲ?”

“ಟೈಪ್ ಮಾಡೋರು ಊಟಕ್ಕೆ ಹೋಗಿದಾರೆ. ಕೆಳಗಡೆ ಸಹಿ ಹಾಕಿ ಹೋಗಿ. ಒಕ್ಕಣೆ ನಾವೇ ಬರ್ಕೋತೀವಿ.”

ಇಡೀ ಹಾಳೆ ಖಾಲಿ! ಮೂರು ಬೆರಳಲ್ಲ, ಒಂದು ಮೊಳ! ಧಿಕ್ಕಾರಪ್ಪನ ಕಣ್ಣಿಗೆ ಅದು ಬಾಯಿ ತೆರೆದ ಬಾವಿಯಂತೆ ಕಂಡಿತು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

“ಅವರು ಬರೋವರೆಗೆ ಕಾಯ್ಲಾ ಮೇಡಂ?”

“ಕಾಯಿರಿ. ಫೈಲ್ ಇವತ್ತು ಮೇಲಕ್ಕೆ ಹೋಗುತ್ತೆ, ಆಮೇಲೆ ನನ್ನ ಕೇಳಬೇಡಿ.”

“ಅಪ್ಪಾ, ಬೇಡ! ಖಾಲಿ ಇದೆ!” ಮಗಳು ಅಂಗಿ ಜಗ್ಗಿದಳು.

ಅವಳ ಬೆನ್ನ ಮೇಲೆ ಆ ಹೊಸ ಚೀಲ ಇತ್ತು. ಯಾರು ಹೇಳಿದರೂ ತೆಗೆದಿರಲಿಲ್ಲ. ಧಿಕ್ಕಾರಪ್ಪ ಕಣ್ಣು ಮುಚ್ಚಿ ಸಹಿ ಹಾಕಿದ. ಗೆರೆ ಎಳೆಯಲು ಕೈ ತಾನಾಗಿ ಮೇಲೆದ್ದಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ.

ಮೇಡಂ ಹಾಳೆಯನ್ನು ಫೈಲಿಗೆ ಸೇರಿಸಿ ದಾರ ಬಿಗಿದರು.

“ಇನ್ನು... ಅಂಕ ಬರೆಯೋಕೆ ಬೇರೆ ಚೌಕ ಮಾಡ್ತೀರಾ ಮೇಡಂ?”

“ಅಂಕ ಕಂಪ್ಯೂಟರ್ ಹಾಕುತ್ತೆ. ಆ ಚೌಕ ಹಳೇ ಕಾಲದ್ದು. ಅದನ್ನ ಯಾರೂ ನೋಡೋದೂ ಇಲ್ಲ.”

“ಮತ್ತೆ ಆ ಒಂಬತ್ತನೇ ಸೂಚನೆ?”

“ಅದು ಉತ್ತರದ ಸಾಲಿಗೆ ಮಾತ್ರ.”

“ಹಾಗಾದರೆ ನನ್ನ ಸಹಿ?”

“ನೀವಾಗೇ ಬಂದು ತಪ್ಪಾಯ್ತು ಅಂದ್ರಲ್ರೀ! ಅಂದಮೇಲೆ ಫೈಲಿಗೊಂದು ಕಾಗದ ಬೇಡ್ವಾ?” ಕಿಟಕಿ ದಡಾರನೆ ಮುಚ್ಚಿತು.

ಮಗಳು ಮೆಟ್ಟಿಲುಗಳನ್ನು ಎಣಿಸುತ್ತ ಇಳಿದಳು. ಆಮೇಲೆ ತಲೆಯೆತ್ತಿ ನೋಡಿ, “ನಾನು ಒಂದು ಚೌಕಾನೂ ಬಿಡಲಿಲ್ಲ. ನೀನು ಪೂರ್ತಿ ಹಾಳೆ ಬಿಟ್ಟೆ” ಎಂದಳು. ಹೆಂಡತಿ ಇದನ್ನು ಕೇಳಿ ಎರಡು ದಿನ ನಕ್ಕಳು. ಇಪ್ಪತ್ತು ವರ್ಷದ ಹೋರಾಟಗಾರನಿಗೆ ಎರಡು ದಿನ ಮುಸುಕು ಹೊದ್ದು ಮಲಗುವುದೇ ಗತಿಯಾಯಿತು.

ಪಟ್ಟಿ ಬಂತು. ಮಗಳದು ಇಪ್ಪತ್ತಮೂರನೆಯ ಹೆಸರು. ಈಗ ದಿನಾ ಬೆಳಿಗ್ಗೆ ಆ ಚೀಲ ಹೊತ್ತು ದೊಡ್ಡ ಶಾಲೆಗೆ ಹೋಗುತ್ತಾಳೆ. ದಿನಾ ಸಂಜೆ ಅವಳು ಬಾಗಿಲು ತಟ್ಟುವವರೆಗೆ ಧಿಕ್ಕಾರಪ್ಪ ಉಗುರು ಕಚ್ಚುತ್ತಾನೆ. ಆ ಸಹಿಯ ಮೇಲೆ ‘ನನ್ನ ಮಗಳ ಸೀಟನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆದುಕೊಂಡಿದ್ದರೆ? ಯಾರು ಬಲ್ಲರು?

ನೀವು ಬಲ್ಲಿರಿ. ಇದನ್ನು ಓದುತ್ತಿರುವವರಲ್ಲಿ ಪರೀಕ್ಷಾ ಕಚೇರಿಯ ಕುರ್ಚಿಯಲ್ಲಿ ಕೂತವರು ಒಬ್ಬರಾದರೂ ಇದ್ದೇ ಇರುತ್ತೀರಿ. ಊಟಕ್ಕೆ ಆಮೇಲೆ ಹೋಗುವಿರಂತೆ. ಮೊದಲು ಎದ್ದು ಆ ಫೈಲಿನ ದಾರ ಬಿಚ್ಚಿ, ಹಾಳೆಯಲ್ಲಿ ಏನು ಬರೆದಿದ್ದೀರಿ ಎಂದು ನಮಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ!