ತಟ್ಟೆ ಬ್ರೇಕಿನ ಸೈಕಲ್ಲು

ಕೈ, ಕಾಲು, ಕಣ್ಣು, ಕಿವಿ ಎಲ್ಲವನ್ನೂ ದೇವರು ನನಗೆ ಸರಿಯಾಗಿಯೇ ಕೊಟ್ಟಿದ್ದಾನೆ. "ಆಗೋದಿಲ್ಲ" ಎನ್ನುವ ಮಾತನ್ನು ಹೊರಡಿಸುವ ನರವೊಂದನ್ನು ಮಾತ್ರ ಮರೆತಿದ್ದಾನೆ. ಈ ಕೊರತೆಯಿಂದಾಗಿ ನಮ್ಮ ಮನೆಯಲ್ಲಿ ಮೂರು ವಿಮಾ ಪಾಲಿಸಿಗಳಿವೆ, ಯಾರೂ ನುಡಿಸದ ಒಂದು ಹಾರ್ಮೋನಿಯಂ ಇದೆ, ಪಕ್ಕದ ಮನೆಯವರು "ಎರಡು ದಿನ ನೋಡ್ಕೊಳ್ಳಿ" ಎಂದು ಬಿಟ್ಟುಹೋದ ಬೆಕ್ಕೊಂದಿದೆ. ಅವರಿಗೆ ವರ್ಗವಾಗಿ ನಾಲ್ಕು ವರ್ಷವಾಯಿತು, ಬೆಕ್ಕಿಗೆ ಇನ್ನೂ ಆಗಿಲ್ಲ. ನಯವಾಗಿ ಮಾತಾಡುವ ಊರಿನಲ್ಲಿದ್ದಿದ್ದರೆ ನನ್ನ ದೋಷ ಮುಚ್ಚಿಹೋಗುತ್ತಿತ್ತೋ ಏನೋ. ಆದರೆ ನನಗೆ ಕೆಲಸ ಸಿಕ್ಕಿದ್ದು ಮಂಡ್ಯದ ಸೀಮೆಯಲ್ಲಿ. ಇಲ್ಲಿಯವರು ಮನಸ್ಸಿಗೆ ಬಂದದ್ದನ್ನು ಆಡಿಬಿಡುತ್ತಾರೆ, ಆಡಿದ ಮೇಲೆ ಮರೆತೂಬಿಡುತ್ತಾರೆ. ನಾನು ಹೊಳಲಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಮೊದಲ ವಾರವೇ ಹುಡುಗನೊಬ್ಬನ ತಂದೆ ಗದ್ದೆಯ ಬದುವಿನಿಂದ ನನ್ನನ್ನು ಕೂಗಿ ಕರೆದು, "ನೀವ್ ಏಳ್ಕೊಡೋದು ಐಕ್ಳಿಗೆ ಒಂದ್ ಚೂರೂ ತಿಳಿಯಾಕಿಲ್ವಂತೆ ಕಣ್ ಮೇಷ್ಟ್ರೇ, ವಸಿ ಬುಡಿಸಿ ಏಳಿ" ಎಂದಿದ್ದ. ಅಷ್ಟು ಹೇಳಿ, ಎರಡು ಜಲ್ಲೆ ಕಬ್ಬು ಮುರಿದು ಕೈಗೆ ಕೊಟ್ಟು ಕಳಿಸಿದ. ನಾನು ಅದನ್ನೂ ಬೇಡವೆನ್ನಲಾರದೆ ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಈಗ ಹೇಳಹೊರಟಿರುವುದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಚನ್ನೇಗೌಡರ ವಿಷಯ. ಆರಡಿ ಎತ್ತರ, ಅದಕ್ಕೆ ತಕ್ಕ ಗಾತ್ರ. ಮಂಡ್ಯದಲ್ಲಿ ನಮ್ಮ ಬೀದಿಯಲ್ಲೇ ಮನೆ. ಒಂದು ಸೋಮವಾರ ಅವರಿಗೆ ಹೊಳಲಿನ ಬಸ್ಸು ತಪ್ಪಿತು. "ಇವತ್ತೊಂದಿನ ಇಂದೆ ಕೂತ್ಕತೀನಿ ಸಾ" ಎಂದು ನನ್ನ ಸೈಕಲ್ಲಿನ ಕ್ಯಾರಿಯರ್ ಹತ್ತಿದರು. ಆ ಒಂದು ದಿನ ಮುಗಿಯುವುದಕ್ಕೆ ಎರಡು ವರ್ಷ ಹಿಡಿಯಿತು. ಮಕ್ಕಳನ್ನು ಮೈದಾನದ ಸುತ್ತ ಹತ್ತು ಸುತ್ತು ಓಡಿಸುವ ಮನುಷ್ಯ ದಿನಾ ನಾಲ್ಕು ಮೈಲಿ ನನ್ನ ಬೆನ್ನ ಹಿಂದೆ ಕೂತು ಬರುತ್ತಿದ್ದರು, ಸಂಜೆ ಹಾಗೆಯೇ ಹಿಂದಿರುಗುತ್ತಿದ್ದರು. ಬರಿದೇ ಕೂರುವ ಜಾಯಮಾನ ಅವರದಲ್ಲ. ಹಿಂದಿನಿಂದ ಲಾರಿ ಬಂದರೆ ವರದಿ ಕೊಡುತ್ತಿದ್ದರು. ಎದುರಿಗೆ ಕಬ್ಬಿನ ಗಾಡಿ ಬಂದರೆ ಗಾಡಿಯವನ ಮನೆಮಂದಿಯ ಆರೋಗ್ಯ ವಿಚಾರಿಸುತ್ತಿದ್ದರು, ಅದು ಮುಗಿಯುವವರೆಗೆ ನಾನು ಒಂದು ಕಾಲು ನೆಲಕ್ಕೆ ಕೊಟ್ಟು ನಿಲ್ಲಬೇಕಾಗಿತ್ತು. ನಾಲೆಯ ಸೇತುವೆಗೆ ಏರುವ ದಿಬ್ಬದಲ್ಲಿ ನಾನು ಏದುಸಿರು ಬಿಡುತ್ತಿದ್ದರೆ, "ತುಳೀರಿ ಸಾ, ಇನ್ನೇನ್ ಬಂತು" ಎಂದು ಹುರಿದುಂಬಿಸುತ್ತಿದ್ದರು. ಇಳಿಯಬಹುದು ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಹೊಳೆಯಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಎರಡು ವರ್ಷದಲ್ಲಿ ನನ್ನ ಬಲಗಾಲಿನ ಮೊಣಕಾಲು ಮಾತಾಡಲು ಶುರುಮಾಡಿತು. ಕೂತರೆ ಕಟಕ್, ಎದ್ದರೆ ಕಟಕ್. ಡಾಕ್ಟರು ಒತ್ತಿ ನೋಡಿ, "ಏನಾದ್ರೂ ಭಾರ ಎಳೀತೀರಾ?" ಎಂದು ಕೇಳಿದರು. ಎತ್ತಿಗೆ ಕೇಳುವ ಪ್ರಶ್ನೆ. ಆದರೂ ಹೌದೆಂದು ಒಪ್ಪಿಕೊಂಡೆ. ಭಾರ ಬಿಡದಿದ್ದರೆ ಕಾಲು ಹಿಡಿದುಕೊಂಡೀತು ಎಂದು ಎಚ್ಚರಿಸಿ ಮುಲಾಮು ಬರೆದುಕೊಟ್ಟರು. ನನ್ನ ಹೆಂಡತಿ ಶಾರದೆ ಮುಲಾಮು ಉಜ್ಜುತ್ತ, "ಹೇಳಿಬಿಡಿ ಅಂದ್ರೆ. ಕಾಲು ನೋವು, ನಾಳೆಯಿಂದ ಬಸ್ಸಲ್ಲಿ ಬನ್ನಿ ಅಂತ. ಅದರಲ್ಲೇನಿದೆ?" ಎಂದಳು. ನಾನು ಮರುದಿನ ಬೀದಿಯ ತುದಿಯವರೆಗೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಗೌಡರು ಚೀಲ ಹಿಡಿದು ಕಾದಿದ್ದರು. "ಬನ್ನಿ ಗೌಡ್ರೇ, ಕೂತ್ಕೊಳ್ಳಿ" ಎಂದೆ.

ಇಂಥ ಕಾಲದಲ್ಲಿ ಮಂಡ್ಯದ ಲೈಬ್ರರಿಯಲ್ಲಿ ಹಳೆಯದೊಂದು ಇಂಗ್ಲಿಷ್ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಒಂದು ಸೈಕಲ್ಲಿನ ಚಿತ್ರ. ದಿನಾ ಕೆಲಸಕ್ಕೂ ಹೋಗಬಹುದು, ರಜೆಯಲ್ಲಿ ದೂರ ಪ್ರವಾಸಕ್ಕೂ ಹೋಗಬಹುದು, ಒಂದು ಕೈಯಲ್ಲಿ ಎತ್ತಿ ಜಗಲಿಯ ಮೇಲಿಡಬಹುದು. ಬ್ರೇಕು ರಿಮ್ಮಿಗೆ ಒತ್ತುವುದಿಲ್ಲ. ಚಕ್ರದ ನಡುವೆ ಒಂದು ಉಕ್ಕಿನ ಬಿಲ್ಲೆ, ಅದನ್ನು ಎರಡು ಪಕ್ಕದಿಂದ ಹಿಡಿದು ನಿಲ್ಲಿಸುವ ಏರ್ಪಾಡು. ನಾನು ವಿಜ್ಞಾನದ ಮೇಷ್ಟ್ರು, ಬಿಲ್ಲೆಯನ್ನು ನೋಡಿ ಬೆರಗಾಗಬೇಕಿತ್ತು. ನನ್ನ ಕಣ್ಣು ನೆಟ್ಟಿದ್ದು ಹಿಂದಿನ ಚಕ್ರದ ಮೇಲೆ. ಅಲ್ಲಿ ಕ್ಯಾರಿಯರ್ ಇರಲಿಲ್ಲ. ನಾನು ಹೇಳಲಾರದ ಮಾತನ್ನು ಸೈಕಲ್ಲೇ ಹೇಳಲಿ ಎಂದು ಅಲ್ಲಿಯೇ ತೀರ್ಮಾನಿಸಿದೆ. ಇಷ್ಟು ಬುದ್ಧಿವಂತಿಕೆಯ ಯೋಚನೆ ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ತೊಂದರೆಯಾದದ್ದು ಎಲ್ಲೆಂದರೆ, ಈ ಸಂಗತಿಯನ್ನು ನಾನು ಮೊದಲು ಹೇಳಿದ್ದು ಕ್ಯಾರಿಯರಿನ ಮೇಲೆ ಕೂತಿದ್ದವರಿಗೇ. ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದರು. ಹಗುರವಾದ ಸೈಕಲ್ಲೊಂದನ್ನು ಕಟ್ಟಿಸಬೇಕೆಂದಿದ್ದೇನೆ ಎಂದೆ. "ಒಳ್ಳೇ ಕೆಲ್ಸ ಸಾ. ನಿಮ್ಗೂ ತುಳಿಯಕ್ಕೆ ಸಲೀಸಾಯ್ತದೆ" ಎಂದು ಗೌಡರು ಆ ಕ್ಷಣದಿಂದಲೇ ಟೊಂಕ ಕಟ್ಟಿದರು. ಮದ್ದೂರಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರ ಮನೆಯಲ್ಲಿ ವಿಲಾಯಿತಿಯ ಹಗುರ ಫ್ರೇಮೊಂದು ಸೂರಿಗೆ ನೇತುಬಿದ್ದಿದೆಯೆಂದು ಪತ್ತೆ ಹಚ್ಚಿದವರು ಅವರು. ಬೀಜಕ್ಕೆಂದು ಒಣಗಿಸಿದ ಹೀರೇಕಾಯಿಗಳು ಅದಕ್ಕೆ ಜೋತುಬಿದ್ದಿದ್ದವು. ಗೌಡರು ಮಾತಾಡಿ ಒಪ್ಪಿಸಿ, ಹೀರೇಕಾಯಿಗೆ ಬೇರೆ ಗೂಟ ಹೊಡೆದುಕೊಟ್ಟು, ಫ್ರೇಮನ್ನು ಹೆಗಲಿಗೆ ಸಿಕ್ಕಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ತಂದರು. ಬಿಲ್ಲೆಯ ಕೆಲಸಕ್ಕೆ ಮಳವಳ್ಳಿಯಲ್ಲಿ ಅವರ ಭಾಮೈದನ ಲೇತು ಇತ್ತು. ಆತ ಆಲೆಮನೆಗಳ ಗಾಣಕ್ಕೆ ಹಲ್ಲಿನ ಚಕ್ರ ರಿಪೇರಿ ಮಾಡುವವನು. ಪತ್ರಿಕೆಯ ಚಿತ್ರವನ್ನು ನಾನು ದೊಡ್ಡದಾಗಿ ಬರೆದುಕೊಟ್ಟೆ. ಗೌಡರು ಎರಡು ಭಾನುವಾರ ಅಳತೆಗೆಂದು ಫ್ರೇಮನ್ನೂ ಹೊತ್ತು ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಲೇತಿನ ಪಕ್ಕ ನಿಂತು ಬಿಲ್ಲೆ ಮಾಡಿಸಿ ತಂದರು. ಹಳೆಯ ಸ್ಕೂಟರಿನ ಬ್ರೇಕ್ ಲೈನಿಂಗನ್ನು ಕತ್ತರಿಸಿ ಬಿಲ್ಲೆಯನ್ನು ಒತ್ತಿ ಹಿಡಿಯುವ ಪಟ್ಟಿ ಮಾಡಿದ್ದಾಯಿತು. ಬಿಲ್ಲೆ ನೋಡುವುದಕ್ಕೆ ಮಕ್ಕಳು ಉಣ್ಣುವ ತಟ್ಟೆಯಷ್ಟಿತ್ತು. ಎಲ್ಲರೂ ಅದನ್ನು ತಟ್ಟೆ ಬ್ರೇಕು ಎಂದೇ ಕರೆದರು.

ಇಷ್ಟೆಲ್ಲ ಯಾಕೆ ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಅವರೇ ಒಮ್ಮೆ ಹೇಳಿದರು. "ನಾಲೆ ಇಳ್ಜಾರಲ್ಲಿ ಮಳೆಗಾಲ್ದಾಗೆ ನಿಮ್ ಬ್ರೇಕ್ ನಿಲ್ಲಾಕಿಲ್ಲ ಸಾ. ಇಂದೆ ಕೂತ್ಕಂಡು ನಾನ್ ಎಷ್ಟ್ ಸಲ ದ್ಯಾವ್ರ ನೆನೆದಿವ್ನಿ ಗೊತ್ತಾ." ಆಗಲೂ ನಾನು ಸತ್ಯ ಹೇಳಬಹುದಿತ್ತು. ಕಾಫಿ ಕುಡಿಯೋಣ ಬನ್ನಿ ಎಂದು ಹೋಟೆಲಿಗೆ ಕರೆದುಕೊಂಡು ಹೋದೆ.

ಸೈಕಲ್ ಶಾಪಿನ ಖಾದರ್ ಸಾಬರು ಮಡ್ಗಾರ್ಡು, ಚೈನ್ ಕವರು, ಸ್ಟ್ಯಾಂಡು, ಡೈನಮೋ ಎಲ್ಲ ಬಿಟ್ಟು ಸೈಕಲ್ಲನ್ನು ಜೋಡಿಸಿಕೊಟ್ಟರು. ಎಷ್ಟು ಹಗುರವಾಗಿದೆ ಎಂದು ತಿಳಿಯಬೇಕಲ್ಲ, ಬೆಲ್ಲದ ಮಂಡಿಗೆ ಒಯ್ದು ತೂಕಕ್ಕೆ ಹಾಕಿಸಿದೆ. ತೂಕದವನು ಹದಿನಾಲ್ಕು ಕೆಜಿ ಎಂದ. ನಾನು ಸ್ಟಾಫ್ ರೂಮಿನಲ್ಲಿ, ಹೋಟೆಲಿನಲ್ಲಿ, ಶಾರದೆಯ ಅಣ್ಣನಿಗೆ ಬರೆದ ಕಾಗದದಲ್ಲಿ ಹದಿನಾಲ್ಕು ಕೆಜಿ, ಹದಿನಾಲ್ಕು ಕೆಜಿ ಎಂದು ಸಾರಿಕೊಂಡು ಬಂದೆ. ಹದಿನೈದು ದಿನವಾದ ಮೇಲೆ ಗೌಡರು, "ಅದ್ರಲ್ಲಿ ಎರಡ್ ಕೆಜಿ ಸೂಟು ಓಗದೆ ಸಾ" ಎಂದರು. ಮಂಡಿಯಲ್ಲಿ ಬೆಲ್ಲ ತೂಗುವಾಗ ತೇವಕ್ಕೆಂದು, ಸುತ್ತಿದ ಕಬ್ಬಿನ ಸೋಗೆಗೆಂದು ಒಂದಿಷ್ಟು ಕಳೆಯುವುದು ವಾಡಿಕೆ, ಅದೇ ಸೂಟು. ತೂಕದವನಿಗೆ ಕೈರೂಢಿ, ಸೈಕಲ್ಲಿಗೂ ಕಳೆದುಬಿಟ್ಟಿದ್ದ. ಹೋಗಿ ಕೇಳಿದರೆ, "ಕಳೀದೆ ನಾನ್ ಯಾವ್ದೂ ತೂಗಾಕಿಲ್ಲ ಸೋಮಿ" ಎಂದ. ಹದಿನಾರೇ ಆದರೂ ಹಳೆಯದಕ್ಕಿಂತ ಎಷ್ಟೋ ವಾಸಿ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಅದು ಆಮೇಲಿನ ಮಾತು. ಸೈಕಲ್ಲು ಸಿದ್ಧವಾದ ದಿನ ಗೌಡರು ಅದರ ಸುತ್ತ ಒಂದು ಸುತ್ತು ಬಂದು, ಹಿಂದಿನ ಚಕ್ರದ ಬಳಿ ನಿಂತು, "ಕ್ಯಾರಿಯರ್ ಎಲ್ಲಿಗ್ ಆಕ್ತಾರೆ ಸಾ?" ಎಂದು ಕೇಳಿದರು. ನಾನು ಹತ್ತು ನಿಮಿಷ ಪಾಠ ಮಾಡಿದೆ. ಗುರುತ್ವ ಕೇಂದ್ರ ಎಂದೆ, ತೆಳು ಕೊಳವೆಯ ತಾಳಿಕೆ ಎಂದೆ, ಈ ಫ್ರೇಮು ಒಬ್ಬರಿಗಿಂತ ಹೆಚ್ಚು ತಡೆಯುವುದಿಲ್ಲ ಎಂದೆ. ಅವರು ಕೈಕಟ್ಟಿ ಕೇಳಿದರು. ಕಡೆಗೆ "ಅಂಗಾ" ಎಂದರು. ಅಷ್ಟೇ. ಮರುದಿನ ಬೀದಿಯ ತುದಿಯಲ್ಲಿ ಅವರು ಇರಲಿಲ್ಲ.

ಅವರು ನಡೆದುಕೊಂಡು ಹೊರಟಿದ್ದರು. ಎಮರ್ಜೆನ್ಸಿಯ ಕಾಲ, ಗಂಟೆ ಬಾರಿಸಿದೊಡನೆ ಹಾಜರಿ ಪುಸ್ತಕ ಹೆಡ್‌ಮಾಸ್ತರ ಮೇಜಿನೊಳಗೆ ಸೇರುತ್ತಿತ್ತು. ಬಸ್ಸನ್ನು ನಂಬಿದರೆ ಕೆಂಪು ಗೆರೆ ಖಂಡಿತ. ಹೀಗಾಗಿ ಗೌಡರು ಮನೆಯಿಂದ ಬೇಗ ಹೊರಟು ನಾಲ್ಕು ಮೈಲಿ ನಡೆಯುತ್ತಿದ್ದರು. ನಾನು ಹಗುರವಾಗಿ, ಕಾಲಿಗೆ ನೋವೇ ಇಲ್ಲದೆ, ಹಿಂದಿನಿಂದ ಬರುತ್ತಿದ್ದೆ. ಸದ್ದಿಲ್ಲದೆ ದಾಟಿಹೋಗೋಣವೆಂದರೆ ತಟ್ಟೆ ಬ್ರೇಕಿಗೆ ಒಂದು ಕಾಯಿಲೆ ಇತ್ತು. ಹಿಡಿದರೆ ಕೀಂಯ್ ಎಂದು ಅರ್ಧ ಊರಿಗೆ ಕೇಳುವಂತೆ ಕಿರುಚುತ್ತಿತ್ತು. ಗೌಡರನ್ನು ನಾನು ಹಿಂದೆ ಹಾಕುವುದು ಸರಿಯಾಗಿ ನಾಲೆಯ ಇಳಿಜಾರಿನಲ್ಲಿ, ಬ್ರೇಕು ಹಿಡಿಯದೆ ವಿಧಿಯಿಲ್ಲದ ಜಾಗದಲ್ಲಿ. ಸದ್ದಿಗೆ ಅವರು ಪಕ್ಕಕ್ಕೆ ಸರಿದು, "ಓಗಿ ಸಾ, ಓಗಿ" ಎಂದು ಕೈ ಬೀಸುತ್ತಿದ್ದರು. ಹೊರಡುವ ಹೊತ್ತು ಬದಲಾಯಿಸಿ ನೋಡಿದೆ. ಬೇಗ ಹೊರಟರೆ ದಿಬ್ಬದ ಈಚೆ ಸಿಗುತ್ತಿದ್ದರು, ತಡವಾಗಿ ಹೊರಟರೆ ಶಾಲೆಯ ಹತ್ತಿರ. ಮೂರು ವಾರ ಹೀಗೆ ಕಳೆಯಿತು. ನನಗೆ ನಾಚಿಕೆಯಾಗುತ್ತಿತ್ತು. ಮೊಣಕಾಲು ವಾಸಿಯಾಗುತ್ತಿತ್ತು, ಅದಕ್ಕೂ ನಾಚಿಕೆಯಾಗುತ್ತಿತ್ತು.

ಒಂದು ದಿನ ಇಳಿಜಾರಿನಲ್ಲಿ ಬ್ರೇಕನ್ನು ಪೂರ್ತಿ ಹಿಡಿದುಬಿಟ್ಟೆ. ಮಳವಳ್ಳಿಯ ಬಿಲ್ಲೆ ಮೋಸ ಮಾಡಲಿಲ್ಲ, ಸೈಕಲ್ಲು ಗೌಡರ ಪಕ್ಕದಲ್ಲೇ ಗಕ್ಕನೆ ನಿಂತಿತು. "ಯಾಕ್ ಸಾ, ಚೈನ್ ಬಿತ್ತಾ?" ಎಂದು ಬಗ್ಗಿ ನೋಡಿದರು.

"ಚೈನಲ್ಲ ಗೌಡ್ರೇ. ಕ್ಯಾರಿಯರ್ ಹಾಕಿಸಬಹುದಿತ್ತು. ಫ್ರೇಮು ತಡೆಯುತ್ತೆ" ಎಂದೆ.

"ಗೊತ್ತದೆ ಬುಡಿ. ನಮ್ ಭಾಮೈದ ಅವತ್ತೇ ಏಳ್ದ, ಎರಡ್ ಮೂಟೆ ಏರುದ್ರೂ ಬಗ್ಗಾಕಿಲ್ಲ ಅಂತ."

"ನನಗೆ ಕಾಲು ನೋವಿತ್ತು."

"ಅದೂ ಗೊತ್ತದೆ. ನಿಮ್ ಮನೇವ್ರು ನಮ್ ಮನೇವ್ರಿಗೆ ಏಳವ್ರೆ. ಆದ್ರೆ ನೀವ್ ಏಳ್ನಿಲ್ವಲ್ಲ." ಅವರ ಮುಖದಲ್ಲಿ ಕೋಪವಿರಲಿಲ್ಲ, ಸೋಜಿಗವಿತ್ತು. "ಇಳೀರಿ ಗೌಡ್ರೇ ಅಂದಿದ್ರೆ ಇಳೀತಿದ್ನಲ್ಲ ಸಾ. ಆ ಒಂದ್ ಮಾತ್ಗೆ ಮದ್ದೂರು, ಮಳವಳ್ಳಿ ಎಲ್ಲಾ ಸುತ್ತುಸ್ಬುಟ್ರಲ್ಲ ನನ್ನ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಸೈಕಲ್ಲು ತಳ್ಳಿಕೊಂಡು ಅವರ ಜೊತೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಗೌಡರು ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಎರಡು ವರ್ಷದಲ್ಲಿ ನಾನು ಕೇಳದಿದ್ದ ಸಣ್ಣ ದನಿಯಲ್ಲಿ, "ನಂಗೆ ಸೈಕಲ್ ಬರಾಕಿಲ್ಲ ಸಾ" ಎಂದರು. "ಚಿಕ್ಕೋನಾಗಿದ್ದಾಗ ಬಿದ್ದು ಕೈ ಮುರ್ಕಂಡೆ. ಆಮ್ಯಾಕೆ ಡ್ರಿಲ್ ಮೇಷ್ಟ್ರಾಗ್ಬುಟ್ಟೆ. ಐಕ್ಳ ಮುಂದೆ ಬೀಳಕ್ಕಾಯ್ತದಾ? ಇದು ಅಗುರಾಗದೆ, ಬ್ರೇಕೂ ಗಟ್ಟಿಯಾಗದೆ. ವಸಿ ಕಲಿಸ್ಕೊಡ್ತೀರಾ?" ಆಗಲಿ ಎಂದೆ. ಆ ಒಂದು ಸಲ ಮನಸ್ಸಿನಿಂದಲೇ ಎಂದೆ.

ಒಂದು ತಿಂಗಳು ಬೆಳಗಿನ ಹೊತ್ತು, ಕಟಾವಾದ ಕಬ್ಬಿನ ಗದ್ದೆಯಲ್ಲಿ, ಸೀಟು ಹಿಡಿದುಕೊಂಡು ಆ ಆರಡಿಯ ಹಿಂದೆ ನಾನು ಓಡಿದೆ. ಮೊಣಕಾಲು ಮತ್ತೆ ಕಟಕ್ ಎಂದಿತು. ಗೌಡರು ಕಲಿತರು. ಕೈ ಪಳಗಬೇಕು ಎಂದು ಶಾಲೆಗೂ ಅದರಲ್ಲೇ ಹೋಗತೊಡಗಿದರು. ಹಿಂದೆ ಕೂರೋಣವೆಂದರೆ ಕ್ಯಾರಿಯರ್ ಇಲ್ಲ, ಹಳೆಯ ಸೈಕಲ್ಲನ್ನು ತೆಗೆಯೋಣವೆಂದರೆ ಅದರ ಚಕ್ರ, ಪೆಡಲ್ಲು, ಹ್ಯಾಂಡಲ್ಲು ಎಲ್ಲ ಇದಕ್ಕೇ ಸೇರಿವೆ. ನಾನೀಗ ಬೇಗ ಹೊರಟು ನಾಲ್ಕು ಮೈಲಿ ನಡೆಯುತ್ತೇನೆ, ನಾಲೆಯ ಇಳಿಜಾರಿನಲ್ಲಿ ಕೀಂಯ್ ಎಂದರೆ ಪಕ್ಕಕ್ಕೆ ಸರಿಯುತ್ತೇನೆ. ಸೈಕಲ್ಲನ್ನು ವಾಪಸು ಕೇಳಿ ಎಂದು ಶಾರದೆ ದಿನಕ್ಕೆರಡು ಬಾರಿ ಹೇಳುತ್ತಾಳೆ.

ಕಳೆದ ಶನಿವಾರ ಗೌಡರು ಸೈಕಲ್ಲಿನೊಡನೆ ನಮ್ಮ ಬಾಗಿಲಿಗೇ ಬಂದರು. ಶಾರದೆ ನನ್ನ ಕಡೆ ಕಣ್ಸನ್ನೆ ಮಾಡಿ ಹೊಸ್ತಿಲಲ್ಲೇ ನಿಂತಳು. "ದಸರಾ ರಜಕ್ಕೆ ಇದ್ರಲ್ಲೇ ನಮ್ಮೂರು ನಿಡಘಟ್ಟಕ್ಕೆ ಓಗ್ಬತ್ತೀನಿ ಸಾ" ಎಂದರು ಗೌಡರು. "ಅವ್ವ ನೋಡ್ಲಿ ನಾನ್ ಸೈಕಲ್ ತುಳಿಯಾದ. ಅಂಗೇ ಮಳವಳ್ಳಿಗೂ ಓಗಿ ಭಾಮೈದುಂಗೆ ತೋರುಸ್ಬುಟ್ ಬತ್ತೀನಿ. ಒಂದ್ ಅತ್ತು ದಿನ ಆಯ್ತದೆ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಬ್ಯಾಡ ಅನ್ಬುಡಿ, ನಾನೇನ್ ತಪ್ ತಿಳ್ಕಳಾಕಿಲ್ಲ."

ಇದಕ್ಕಿಂತ ಸಲೀಸಾಗಿ ಯಾರಾದರೂ ದಾರಿ ಮಾಡಿಕೊಡಲು ಸಾಧ್ಯವೇ? ನಾನು ಗಂಟಲು ಸರಿಮಾಡಿಕೊಂಡೆ, ಬಾಯಿ ತೆರೆದೆ. ಗೌಡರು ಕಾದರು. ಶಾರದೆ ಕಾದಳು.

"ಹಿಂದಿನ ಚಕ್ರಕ್ಕೆ ಗಾಳಿ ಸ್ವಲ್ಪ ಕಮ್ಮಿ ಇದೆ ಗೌಡ್ರೇ" ಎಂದು ಹೇಳಿ, ಒಳಗಿನಿಂದ ಪಂಪು ತಂದು ನಾನೇ ಹೊಡೆದುಕೊಟ್ಟೆ.