ಭಾಲ್ಕಿಗೂ ಇಟಲಿಗೂ ಬೀಗತನ

ಬೀದರ ಸೀಮೆಯ ನಮ್ಮ ಭಾಲ್ಕಿಗೂ ಇಟಲಿಗೂ ಬೀಗತನವಿದೆ ಎಂದು ನಂಬಿದ್ದ ಮನುಷ್ಯರು ಭೂಮಿಯ ಮೇಲೆ ಒಬ್ಬರೇ ಒಬ್ಬರು, ನಮ್ಮ ಕಾಕಾ! ಅದಕ್ಕೆ ಪುರಾವೆಯೂ ಅವರ ಬಳಿ ಇತ್ತು. ಎರಡನೇ ದೊಡ್ಡ ಲಡಾಯಿಯಲ್ಲಿ ಪಲ್ಟನ್ನಿನ ಅಡುಗೆಯವರಾಗಿ ಇಟಲಿಗೆ ಹೋಗಿದ್ದ ಕಾಕಾ ಒಮ್ಮೆ ದಾರಿ ತಪ್ಪಿ ಯಾವುದೋ ಗುಡ್ಡದ ಹಳ್ಳಿ ಸೇರಿದರಂತೆ. ಅಲ್ಲಿಯ ಮುದುಕಿಯೊಬ್ಬಳು ಕೈಹಿಡಿದು ಕೂರಿಸಿ, ಟೊಮೆಟೊ ರಸದಲ್ಲಿ ಕಲಸಿದ ದಪ್ಪ ಶಾವಿಗೆ ಬಡಿಸಿದಳು. ಬಡಿಸುತ್ತಲೇ ಇದ್ದಳು. ಹೊಟ್ಟೆ ಬಿರಿಯುವಂತಾದಾಗ ಕಾಕಾ ನಮ್ಮೂರ ಮಾತಿನಲ್ಲೇ ‘ಬಸ್, ತಾಯಿ’ ಎಂದರು. ಮುದುಕಿ ಸೌಟು ಕೆಳಗಿಟ್ಟಳು!

ಮುಂದೆ ಸಾಲಿ ಮಾಸ್ತರರೊಬ್ಬರು, ಆ ಜನರ ಭಾಷೆಯಲ್ಲಿ ‘ಬಸ್ತಾ’ ಅಂದರೆ ಸಾಕು ಎಂದು ಅರ್ಥ, ಆಕೆಗೆ ಕೇಳಿಸಿದ್ದು ಅದು ಎಂದು ಬಿಡಿಸಿ ಹೇಳಿದರು. ಕಾಕಾ ಬಗ್ಗಿದರೇ?

“ಮತ್ತ ನಾ ಅಂದದ್ದೂ ಅದೇ ಅಲ್ರಿ ಮಾಸ್ತರ?”

ಅವರು ತಿರುಗಿ ಬಂದ ಮೇಲೆ ನಮ್ಮ ಅಡುಗೆಮನೆಗೆ ಶನಿ ವಕ್ಕರಿಸಿತು. ಎಮ್ಮೆ ಹಾಲು ಒಡೆಸಿ, ಉಪ್ಪು ಸವರಿ, ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿದರು. ಚೀಸ್ ಆಗುತ್ತದಂತೆ! ಇಲಿ ಸತ್ತಿದೆ ಎಂದುಕೊಂಡು ಅವರ ಹೆಂಡತಿ, ನಮ್ಮ ಕಾಕು, ಅಟ್ಟವನ್ನೆಲ್ಲ ತೊಳೆಸಿದರು. ಗಂಟು ತಿಪ್ಪೆ ಸೇರಿತು. ಇನ್ನೊಮ್ಮೆ ಇಟಲಿಯವರ ಅನ್ನ, ರಿಸೊತ್ತೊ ಎಂದು ಒಲೆಯ ಮುಂದೆ ಕೂತು ಅಕ್ಕಿಯನ್ನು ಒಂದೇ ಸಮ ತಿರುವಿದರು. ಕಾಳಿನ ನಡು ಗಟ್ಟಿಯಾಗಿಯೇ ಇರಬೇಕೆಂದು ಇಳಿಸಿಬಿಟ್ಟರು. ಇಷ್ಟೊತ್ತು ತಿರುವಿ, ಬೇಯುವ ಹೊತ್ತಿಗೆ ಇಳಿಸುವವರನ್ನು ಕಾಕು ಕಂಡಿರಲಿಲ್ಲ. ಇನ್ನು ಆ ದಪ್ಪ ಶಾವಿಗೆ, ಪಾಸ್ತಾ! ಕಾಕು ಗಡಿಯಂಚಿನ ಮೆಹಕರದವರು, ಮರಾಠಿ ಬಲ್ಲವರು. ಮರಾಠಿಯಲ್ಲಿ ‘ಪಸ್ತಾವಣೆ’ ಅಂದರೆ ಪಶ್ಚಾತ್ತಾಪ ಪಡುವುದು. ಹೆಸರು ಬರೋಬ್ಬರಿ ಇಟ್ಟಿದ್ದಾರೆ ಎನ್ನುತ್ತ ತಮ್ಮ ಪಾಲಿನದಕ್ಕೆ ಬೆಲ್ಲ ತುಪ್ಪ ಕಲಸಿಕೊಂಡು ಉಂಡರು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ಓಣಿಯವರೆಲ್ಲ ಕೂಡಿ ಊಟ ಮಾಡಬೇಕೆಂದು ಠರಾಯಿಸಿದರು. ಮೈಸೂರಿನ ಅಡುಗೆಯೇ ಆಗಲಿ ಎಂದರು ಹಿರಿಯರು. ಸರಿ, ಆದರೆ ಮೈಸೂರಿನವರು ಏನು ಉಣ್ಣುತ್ತಾರೆ? ಯಾರಿಗೆ ಗೊತ್ತು! ಕಾಕಾ ಎದ್ದು ನಿಂತರು.

“ಮೈಸೂರು ನೋಡಿದವರು ನಮ್ಮಾಗ ಒಬ್ಬರೂ ಇಲ್ರಿ. ಇಟಲಿ ನೋಡಿದವ ನಾ ಒಬ್ಬ ಇದ್ದೇನಿ.”

ಹಿರಿಯರು ಸೌಟನ್ನು ಕಾಕಾ ಕೈಗೇ ಕೊಟ್ಟರು; ಇಟಲಿಯ ದಪ್ಪ ಶಾವಿಗೆಯೇ ಎಂದಾಯಿತು.

ಅಷ್ಟು ಜನಕ್ಕಾಗುವಷ್ಟು ದಪ್ಪ ಶಾವಿಗೆ ಒತ್ತಬಲ್ಲವರು ಪಕ್ಕದ ಮನೆಯ ಮುಸಲ್ಮಾನ ಮುದುಕಿ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಮಾತ್ರ. ರಂಜಾನಿಗೆ ಓಣಿಗೆಲ್ಲ ಅವರದೇ ಶಾವಿಗೆ. ಅವರ ಒಬ್ಬನೇ ಮಗ ದೇಶ ಒಡೆದ ಮೇಲೆ ಕರಾಚಿಗೆ ಹೋದವನು ಒಂದು ಕಾಗದವನ್ನೂ ಹಾಕಿರಲಿಲ್ಲ. ಆಮೇಲೆ ಖಾಲಾ ಯಾರ ಮನೆಯ ಊಟಕ್ಕೂ ಹೋದವರಲ್ಲ. ಕಾಕಾ ಕೇಳಿದ್ದಕ್ಕೆ ಶಾವಿಗೆ ಒತ್ತಿಕೊಟ್ಟರು. ಉಣ್ಣಲು ಬರ್ರಿ ಎಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಕಾಗೆ ಅದೇ ಕೊರಗು. ಊರೆಲ್ಲ ಉಂಡು ಖಾಲಾ ಉಣ್ಣದಿದ್ದರೆ ಮಾಡಿದ್ದೆಲ್ಲ ದಂಡ ಎಂದರು. ಯಾಕೆಂದು ಕಾಕು ಗಂಟುಬಿದ್ದಾಗ ಬಾಯಿಬಿಟ್ಟರು: ಆ ಇಟಲಿಯ ಮುದುಕಿಯ ಮಗನೂ ಲಡಾಯಿಗೆ ಹೋದವನು ಬಂದಿರಲಿಲ್ಲವಂತೆ. ಅವನ ತಾಟಿನಲ್ಲೇ ಕಾಕಾಗೆ ಬಡಿಸಿದ್ದಳಂತೆ. ಇದನ್ನು ಕೇಳಿ ನಮ್ಮ ಕಾಕು ತಾವೇ ಎದ್ದು ಅಟ್ಟದಿಂದ ಹಂಡೆ ಇಳಿಸಿದರು.

ಊಟದ ದಿನ ದೊಡ್ಡ ದೊಡ್ಡ ಹಂಡೆಗಳಲ್ಲಿ ಶಾವಿಗೆ ಕುದಿಯಿತು. ಬುಟ್ಟಿಗಟ್ಟಲೆ ಟೊಮೆಟೊ ಹೆಚ್ಚಿ ನನ್ನ ಕೈಯೆಲ್ಲ ಉರಿ. ಪಂಕ್ತಿಯಲ್ಲಿ ಕೂತವರು ಒಂದು ತುತ್ತು ಉಂಡರು, ಮುಖ ಮುಖ ನೋಡಿಕೊಂಡರು, ಮೆಲ್ಲಗೆ ಕಿಸೆಯಿಂದ ಬೆಲ್ಲ ತೆಗೆದರು! ಕಾಕು ಓಣಿಗೆಲ್ಲ ಮೊದಲೇ ಹೇಳಿಕಳಿಸಿದ್ದರು. ಬೇರೆ ದಿನವಾಗಿದ್ದರೆ ಕಾಕಾ ರಾದ್ಧಾಂತ ಮಾಡುತ್ತಿದ್ದರು. ಅಂದು ಅವರ ಕಣ್ಣು ಖಾಲಾ ಮನೆಯ ಬಾಗಿಲಲ್ಲೇ ಇತ್ತು.

ಎಲ್ಲರೂ ಎದ್ದ ಮೇಲೆ ಖಾಲಾ ಬಂದರು. ಗೋಡೆಯ ಪಕ್ಕ ಕೂತರು. ಕಾಕಾ ಬಡಿಸಿದರು. ಖಾಲಾ ಉಂಡರು. ಮತ್ತೆ ಬಡಿಸಿದರು, ಮತ್ತೆ ಉಂಡರು. ಕಾಕಾ ಬಡಿಸುತ್ತಲೇ ಇದ್ದರು. ಕೊನೆಗೆ ಖಾಲಾ ತಾಟಿಗೆ ಕೈ ಅಡ್ಡ ಹಿಡಿದರು.

“ಬಸ್, ಬೇಟಾ.”

ಕಾಕಾ ಸೌಟು ಕೆಳಗಿಟ್ಟರು. ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತರು. ಖಾಲಾ ಎಡಗೈಯಿಂದ ಅವರ ತಲೆ ಸವರುತ್ತ, ಬಲಗೈಯಿಂದ ತಾಟು ಖಾಲಿ ಮಾಡಿದರು. ಕಾಕು ಹಂಡೆಯ ತಳದಲ್ಲಿ ಉಳಿದದ್ದನ್ನು ಬಡಿಸಿಕೊಂಡು ಖಾಲಾ ಪಕ್ಕದಲ್ಲೇ ಉಣ್ಣಲು ಕೂತರು. ಅಂದು ಬೆಲ್ಲ ಕೇಳಲಿಲ್ಲ.