ಹಲಗೆ ಹತ್ತಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ನೀರಿನ ಮೇಲೆ ಓಡುತ್ತಾಳೆ. ಹೌದು, ಸರಿಯಾಗಿಯೇ ಓದಿದಿರಿ, ನೀರಿನ ಮೇಲೆ! ನೆಲದ ಮೇಲೆ ಮಾತ್ರ ಅವಳ ನಡಿಗೆ ಅಷ್ಟಕ್ಕಷ್ಟೆ. ಎದುರಿನ ಲೈಟು ಕಂಬಕ್ಕೆ ಡಿಕ್ಕಿ ಹೊಡೆದು, ಕಂಬಕ್ಕೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಬಗ್ಗಿ ನಮಸ್ಕರಿಸಿ ಮುಂದೆ ಹೋಗುವ ಪೈಕಿ. ನೀರಿನ ಮೇಲೆ ನಡೆದ ಸಾಧುಸಂತರ ಕಥೆ ನೀವೂ ಕೇಳಿರುತ್ತೀರಿ. ಅವರಲ್ಲಿ ಯಾರಾದರೂ ಐವತ್ತು ದಾಟಿದ ಮೇಲೆ, ಮಂಡಿಗೆ ಪಟ್ಟಿ ಬಿಗಿದುಕೊಂಡು, "ಅಯ್ಯಯ್ಯಯ್ಯೋ" ಎಂದು ಕಿರುಚುತ್ತಾ ನಡೆದದ್ದುಂಟೇ? ನಮ್ಮ ಚಿಕ್ಕಮ್ಮ ಹಾಗೆಯೇ!

ಚಿಕ್ಕಮ್ಮ ಎಂದರೆ ನಮ್ಮಮ್ಮನ ಒಬ್ಬಳೇ ತಂಗಿ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಜಪಾನಿಗೆ ಬಂದು, ಟೋಕಿಯೋ ಪಕ್ಕದ ವಾಕೋ ಊರಿನ ಪ್ರಯೋಗಾಲಯವೊಂದರಲ್ಲಿ ವರ್ಷಗಟ್ಟಲೆ ಗಾಜಿನ ಕೊಳವೆಗಳ ಜೊತೆ ಸಂಸಾರ ಮಾಡಿದವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಆಗ್ಬೇಕು ಅಂತಾನೇ ಇದ್ದೆ, ಅಷ್ಟರಲ್ಲಿ ಲಾಸ್ಟ್ ಟ್ರೈನ್ ಹೊರಟೋಯ್ತು" ಎನ್ನುತ್ತಾಳೆ. ನಾನು ಟೋಕಿಯೋದ ಎಡೋಗಾವಾದಲ್ಲಿರುವ ಶಾಲೆಯೊಂದಕ್ಕೆ ಗಣಿತದ ಟೀಚರಾಗಿ ಬಂದಾಗ, ಸುಡುವ ಕಸ ಯಾವುದು, ಸುಡದ ಕಸ ಯಾವುದು ಎಂದು ಪಾಠ ಮಾಡಿದ್ದು ಅವಳೇ. ಅಷ್ಟು ಶಿಸ್ತಿನ ಹೆಂಗಸು ಒಂದು ದಿನ ಇದ್ದಕ್ಕಿದ್ದ ಹಾಗೆ ಫೋನ್ ಮಾಡಿ, "ದಕ್ಷಿಣಕ್ಕೆ ಹೋಗ್ತಿದೀನಿ ಕಣೇ, ಒಕಿನಾವಾ ಆಚೆ ಒಂದು ಪುಟ್ಟ ದ್ವೀಪ. ಅಲ್ಲೊಂದು ಸಣ್ಣ ಲ್ಯಾಬ್ ಇದೆ. ಸಮುದ್ರದ ನೀರಲ್ಲಿ ಏನೇನಿದೆ ಅಂತ ನೋಡೋ ಕೆಲಸ" ಎಂದಳು. ಕೆಲವು ತಿಂಗಳಾದ ಮೇಲೆ, "ಏನೇನಿದೆ ಚಿಕ್ಕಮ್ಮ ನೀರಲ್ಲಿ?" ಎಂದು ಕೇಳಿದೆ.

"ಈಗೀಗ ಹೆಚ್ಚಾಗಿ ನಾನೇ ಇರ್ತೀನಿ," ಎಂದಳು.

ಅಲ್ಲಿ ಅವಳಿಗೆ ಹತ್ತಿದ ಹುಚ್ಚಿನ ಹೆಸರು ಸ್ಕಿಮ್‌ಬೋರ್ಡ್. ಸರ್ಫಿಂಗ್ ನಿಮಗೆ ಗೊತ್ತಿರುತ್ತದೆ, ಸಮುದ್ರದೊಳಗೆ ಹೋಗಿ, ಅಲೆಗಾಗಿ ಕಾದು, ಹಲಗೆಯ ಮೇಲೆ ನಿಂತು ಬರುವುದು. ಇದು ಅದರ ತಂಗಿ. ಅಲೆ ದಡಕ್ಕೆ ಬಂದು ವಾಪಸು ಹೋಗುವಾಗ ಮರಳಿನ ಮೇಲೆ ಒಂದು ತೆಳುವಾದ ನೀರಿನ ಪದರ ಉಳಿಯುತ್ತದಲ್ಲ, ಅದರ ಮೇಲೆ ತೆಳ್ಳನೆಯ ಹಲಗೆ ಎಸೆಯಬೇಕು. ಹಿಂದೆಯೇ ಓಡಬೇಕು. ಹಾರಿ ಅದರ ಮೇಲೆ ನಿಲ್ಲಬೇಕು. ಜಾರಬೇಕು. ಬೀಳಬೇಕು. ಚಿಕ್ಕಮ್ಮ ಕೊನೆಯದರಿಂದ ಕಲಿಯಲು ಶುರು ಮಾಡಿದಳು.

"ಇದರಲ್ಲಿ ಏನು ಮಜಾ?" ಎಂದು ಕೇಳಿದ್ದಕ್ಕೆ ವಿಜ್ಞಾನಿಯ ಉತ್ತರ ಬಂತು: "ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ್ರೆ ಹನಿ ಸರ್ ಅಂತ ಓಡುತ್ತಲ್ಲ? ಆ ಹನಿಗೆ ಎಷ್ಟು ಖುಷಿ ಆಗುತ್ತೆ ಅಂತ ಯಾವತ್ತಾದ್ರೂ ಯೋಚಿಸಿದೀಯಾ?"

ಸತ್ಯವಾಗಿ ಹೇಳುತ್ತೇನೆ, ಯೋಚಿಸಿರಲಿಲ್ಲ!

ಮೊದಲ ಸಲ ಅವಳ ಮನೆಗೆ ಹೋದಾಗಿನ ಕಥೆ ಕೇಳಿ. ಬಚ್ಚಲಲ್ಲಿ ಬೆಳ್ಳಗಿನ, ದುಂಡಗಿನ, ಕೊಬ್ಬರಿಯ ವಾಸನೆಯ ಒಂದು ಸೋಪು. ದ್ವೀಪದವರು ಎಷ್ಟು ಒಳ್ಳೆಯ ಸೋಪು ಮಾಡುತ್ತಾರಪ್ಪಾ ಎಂದುಕೊಂಡು ಮೈಗೆಲ್ಲ ತಿಕ್ಕಿಕೊಂಡೆ. ನೊರೆ ಬರಲಿಲ್ಲ. ಇನ್ನಷ್ಟು ತಿಕ್ಕಿದೆ. ಕೊನೆಗೆ ತೋಳು ಮೈಗೆ ಅಂಟಿ, ಟವೆಲ್ ತೋಳಿಗೆ ಅಂಟಿ, ನಾನು ಪೊಟ್ಟಣದ ಹಾಗೆ ಹೊರಬಂದೆ. ಅದು ಹಲಗೆಯ ಮೇಲೆ ಕಾಲು ಜಾರದಿರಲಿ ಎಂದು ಬಳಿಯುವ ಮೇಣವಂತೆ! ಚಿಕ್ಕಮ್ಮ ಕೊಬ್ಬರಿ ಎಣ್ಣೆ ಸುರಿದು ನನ್ನನ್ನು ಬಿಡಿಸುತ್ತಾ ಸಮಾಧಾನ ಹೇಳಿದಳು: "ಒಂದು ಲಾಭ ನೋಡು, ಇವತ್ತೆಲ್ಲ ನಿನ್ನ ಮೇಲೆ ಯಾರು ನಿಂತ್ರೂ ಜಾರಲ್ಲ."

ಮೈಸೂರಿನಲ್ಲಿರುವ ಅಮ್ಮನಿಗೆ ಈ ವಿದ್ಯೆಯನ್ನು ವಿವರಿಸುವ ಧೈರ್ಯ ಯಾರಿಗಿದೆ? "ಅವಳು ಈಗ ಬೋರ್ಡ್ ಮೇಲಿದಾಳೆ ಅಮ್ಮ" ಎಂದಷ್ಟೇ ಹೇಳಿದ್ದೆ. ಮರುವಾರದೊಳಗೆ ಬೀದಿಗೆಲ್ಲ ಸುದ್ದಿಯಾಯಿತು, ನಮ್ಮ ಪುಟ್ಟಿ ಜಪಾನಿನಲ್ಲಿ ಯಾವುದೋ ಬೋರ್ಡಿನ ಮೆಂಬರಾಗಿದ್ದಾಳೆ ಎಂದು! ಇನ್ನೊಂದು ಸಲ ಚಿಕ್ಕಮ್ಮ ಫೋನ್ ಮಾಡಿ, "ಅಕ್ಕ, ಈ ತಿಂಗಳು ಅಮಾವಾಸ್ಯೆ ಯಾವತ್ತು?" ಎಂದು ಕೇಳಿದಾಗ ಅಮ್ಮನ ಕಣ್ಣಲ್ಲಿ ನೀರೇ ಬಂತಂತೆ. ಇಷ್ಟು ವರ್ಷಕ್ಕೆ ತಂಗಿಗೆ ದೇವರು ದಿಂಡರು ನೆನಪಾಯಿತಲ್ಲ! ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸಮುದ್ರ ಬಹಳ ದೂರ ಹಿಂದೆ ಸರಿದು, ಜಾರಲು ಮರಳು ಮೈದಾನದ ಹಾಗೆ ಸಿಗುತ್ತದೆ ಎಂಬ ಗುಟ್ಟನ್ನು ನಾನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಅಲೆ ದೊಡ್ಡದಿದ್ದ ದಿನ ಅವಳು ದ್ವೀಪದ ಆಚೆ ಬದಿಗೆ ಹೋಗಿ ಸರ್ಫಿಂಗನ್ನೂ ಮಾಡುತ್ತಾಳೆ. ಮಾಡುತ್ತಾಳೆ ಎನ್ನುವುದಕ್ಕಿಂತ ಮಾಡಲು ಕಾಯುತ್ತಾಳೆ ಎನ್ನಬೇಕು. ಒಂದು ಅಲೆಗೆ ಒಬ್ಬರೇ ಎನ್ನುವುದು ಅಲ್ಲಿಯ ಪದ್ಧತಿ. ಚಿಕ್ಕಮ್ಮ ಪಕ್ಕದವನಿಗೆ "ದೋಜೋ" ಎನ್ನುತ್ತಾಳೆ, ಅಂದರೆ ನೀವು ಹೋಗಿ ಎಂದು. ಅವನು ಹಿರಿಯರೆಂಬ ಗೌರವದಿಂದ ಇವಳಿಗೆ "ದೋಜೋ" ಎನ್ನುತ್ತಾನೆ. ಇವಳು ತಲೆ ಬಾಗಿಸಿ ಮತ್ತೆ "ದೋಜೋ." ಇಷ್ಟರಲ್ಲಿ ಪಾಪ, ಆ ಅಲೆ ಯಾರೂ ಹತ್ತದೆ, ಖಾಲಿ ಬಸ್ಸಿನ ಹಾಗೆ ದಡ ಸೇರಿಬಿಡುತ್ತದೆ!

ಹೀಗೆ ಎಲ್ಲವೂ ನಗುನಗುತ್ತಾ ನಡೆದಿತ್ತು. ಕಳೆದ ವರ್ಷ ಒಂದು ಭಾನುವಾರ ಮೂವರೂ ವಿಡಿಯೋ ಕಾಲ್‌ನಲ್ಲಿದ್ದೆವು. ಚಿಕ್ಕಮ್ಮ ಎಂದಿನಂತೆ ಹರಟುತ್ತಿದ್ದಳು. ಅಮ್ಮ ಮಾತು ನಿಲ್ಲಿಸಿ ಅವಳನ್ನೇ ನೋಡಿದಳು.

"ಪುಟ್ಟೀ, ಯಾಕೆ ಒಂದೇ ಕೈಲಿ ಜಡೆ ಹಾಕ್ಕೊಂಡಿದೀಯಾ?"

"ಎರಡೂ ಕೈಲೇ ಹಾಕ್ಕೊಂಡಿದ್ದು ಅಕ್ಕ."

"ನಿನಗೆ ಜಡೆ ಹಾಕಿ ಬೆಳೆಸಿದೋಳು ನಾನು. ಇನ್ನೊಂದು ಕೈ ತೋರಿಸು."

ಚಿಕ್ಕಮ್ಮ ಮೇಜಿನ ಕೆಳಗಿನಿಂದ ಕೈ ಎತ್ತಿದಳು. ಬೆರಳಿಂದ ಮೊಣಕೈವರೆಗೆ ಪ್ಲಾಸ್ಟರ್! ಹಲಗೆಯ ಗುಟ್ಟೆಲ್ಲ ಆಗ ಹೊರಬಿತ್ತು.

ನಮ್ಮಜ್ಜಿ ತೀರಿಕೊಂಡಾಗ ಚಿಕ್ಕಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ಊಟ, ಸ್ನಾನ, ಜ್ವರ, ಪರೀಕ್ಷೆ ಎಲ್ಲವನ್ನೂ ನೋಡಿಕೊಂಡವಳು ಅಮ್ಮ. ಅಂಥ ಅಮ್ಮ ಆ ದಿನ ಬೈಯಲಿಲ್ಲ. ಫೋನ್ ಇಟ್ಟಳು. ಪಾಸ್‌ಪೋರ್ಟ್ ಮಾಡಿಸಿದಳು, ವೀಸಾ ಮಾಡಿಸಿದಳು. ಪ್ಲಾಸ್ಟರ್ ತೆಗೆದು ಚಿಕ್ಕಮ್ಮ ಮತ್ತೆ ಹಲಗೆ ಹತ್ತುವ ಹೊತ್ತಿಗೆ ಅಮ್ಮ ಟೋಕಿಯೋದಲ್ಲಿದ್ದಳು. ಬ್ಯಾಗಿನಲ್ಲಿ ಚಟ್ನಿಪುಡಿ, ಹುರಿಹಿಟ್ಟು, ಜೊತೆಗೆ ವಾಪಸು ಹೋಗಲು ಎರಡು ಟಿಕೆಟ್.

"ಎರಡನೇದು ಯಾರಿಗಮ್ಮ?"

"ಅವಳಿಗೆ. ಲ್ಯಾಬಿನ ಕೆಲಸ ಈ ತಿಂಗಳಿಗೆ ಮುಗಿಯುತ್ತೆ, ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು ಅಂತ ಅವಳೇ ಹೇಳಿದಾಳೆ. ಹಾಕೋದು ಬೇಡ. ಆಡೋದಕ್ಕೆ ನನ್ನ ತಕರಾರಿಲ್ಲ ಕಣೇ. ಬಿದ್ರೆ ನೋಡೋರು ಯಾರಿದಾರೆ ಅಲ್ಲಿ?"

ಅಮ್ಮನನ್ನು ಕರೆದುಕೊಂಡು ದ್ವೀಪಕ್ಕೆ ಹೋದೆ.

ಅಕ್ಕ ಬಂದಿದ್ದೇ ತಡ, ಚಿಕ್ಕಮ್ಮ ಸ್ಕೂಲ್ ಹುಡುಗಿಯಾಗಿಬಿಟ್ಟಳು. ಹೊತ್ತಿಗೆ ಸರಿಯಾಗಿ ಊಟ, ಮೆಲ್ಲಗೆ ಮಾತು. ಹಲಗೆ ಬಾಗಿಲ ಹಿಂದೆ ಅಡಗಿತ್ತು. ಅಮ್ಮ ಎರಡು ದಿನ ಸಹಿಸಿಕೊಂಡಳು. ಮೂರನೆಯ ದಿನ ಮಧ್ಯಾಹ್ನದ ಕಾಫಿ ಮುಗಿಸಿ, "ಎಲ್ಲಿ ನಿನ್ನ ಆ ಮಣೆ? ಅದೇನು ಮಾಡ್ತೀಯೋ ನಾನೂ ನೋಡ್ಬೇಕು" ಎಂದಳು. ಚಿಕ್ಕಮ್ಮನ ಮುಖ ನೋಡಬೇಕಿತ್ತು! ಹಲಗೆ ಬಗಲಿಗಿಟ್ಟುಕೊಂಡು ನಮಗಿಂತ ಮುಂದೆ ಓಡಿದಳು.

ದಡದ ಉದ್ದಕ್ಕೂ ಒಂದು ಗಿಡ್ಡ ತಡೆಗೋಡೆ ಇದೆ. ಅದರ ಮೇಲೆ ಅಮ್ಮನನ್ನು ಕೂರಿಸಿ ಪಕ್ಕದಲ್ಲಿ ಕೂತೆ. ಸ್ವಲ್ಪ ಆಚೆಗೆ ಅಗಲವಾದ ಹ್ಯಾಟು ಹಾಕಿಕೊಂಡ ಒಬ್ಬ ಜಪಾನಿ ಅಜ್ಜಿ ಕೂತಿದ್ದರು. ಕೈಯಲ್ಲಿ ಟೀ ಫ್ಲಾಸ್ಕು. "ಅವ್ರು ದಿನಾ ಗಾಳಿಗೆ ಬರ್ತಾರೆ" ಎಂದು ಚಿಕ್ಕಮ್ಮ ಹೇಳಿ, ಅವರಿಗೊಂದು ನಮಸ್ಕಾರ ಹಾಕಿ, ನೀರಿಗೆ ಇಳಿದಳು.

ಎಸೆದಳು, ಓಡಿದಳು, ಹಾರಿದಳು, ದೊಪ್ಪನೆ ಬಿದ್ದಳು. ಅಮ್ಮ ಗಾಬರಿಯಿಂದ ಅರ್ಧ ಎದ್ದಳು. ಚಿಕ್ಕಮ್ಮ ನಗುತ್ತಾ ಎದ್ದ ಮೇಲೆ ಕೂತಳು. ಮತ್ತೆ ಬಿದ್ದಳು, ಅಮ್ಮ ಮತ್ತೆ ಎದ್ದಳು. ಆಗ ಅಮ್ಮ ಪಕ್ಕಕ್ಕೆ ತಿರುಗಿದಳು. ಆ ಅಜ್ಜಿಯೂ ಗೋಡೆಗೆ ಕೈಯೂರಿ ಅರ್ಧ ಎದ್ದಿದ್ದರು. ಚಿಕ್ಕಮ್ಮ ಎದ್ದು ನಿಂತಳು, ಇಬ್ಬರೂ ಒಟ್ಟಿಗೆ ಕೂತರು.

ಆಮೇಲೆ ಚಿಕ್ಕಮ್ಮ ಜಾರುತ್ತಾ ಒಂದು ಬಂಡೆಯ ಮರೆಗೆ ಹೋದಳು. ಅಜ್ಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಎದ್ದು, ಬೆನ್ನು ಬಾಗಿಸಿಕೊಂಡೇ ನಿಧಾನವಾಗಿ ಗೋಡೆಯ ಪಕ್ಕ ನಡೆದು, ಅವಳು ಕಾಣುವ ಜಾಗಕ್ಕೆ ಹೋಗಿ ಕೂತರು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋಗಿ ಅವರ ಪಕ್ಕದಲ್ಲೇ ಕೂತಳು.

"ಕೇಳೇ ಅವರನ್ನ, ದಿನಾ ಯಾಕೆ ಬರ್ತಾರೆ ಅಂತ."

ನನ್ನ ಹರಕು ಜಪಾನಿಯಲ್ಲಿ ಕೇಳಿದೆ. ಅಜ್ಜಿ ಸಮುದ್ರದಿಂದ ಕಣ್ಣು ತೆಗೆಯದೆ ಹೇಳಿದರು: ಆ ಹುಡುಗಿ ಒಬ್ಬಳೇ ಬರುತ್ತಾಳೆ. ಯಾರಾದರೂ ನೋಡುತ್ತಿರಬೇಕಲ್ಲ. ಅವಳು ನೀರಿನಿಂದ ಮೇಲೆ ಬಂದ ಮೇಲೆ ನಾನು ಮನೆಗೆ ಹೋಗುತ್ತೇನೆ.

ಹುಡುಗಿ! ನರೆತ ಕೂದಲಿನ ನಮ್ಮ ಚಿಕ್ಕಮ್ಮ!

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅಜ್ಜಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಚ್ಚ ಮೈಸೂರು ಕನ್ನಡದಲ್ಲಿ ಶುರು ಮಾಡಿದಳು: "ಚಿಕ್ಕೋಳಿದ್ದಾಗ್ಲೂ ಹೀಗೇನೇ ಬೀಳೋಳು ಇವಳು. ಎಷ್ಟು ನೋವಾದ್ರೂ ಹೇಳ್ತಿರ್ಲಿಲ್ಲ, ನಗೋಳು. ಅದಕ್ಕೇ ನಾವೇ ನೋಡ್ತಾ ಇರ್ಬೇಕು."

ಅನುವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ "ಹೈ, ಹೈ", ಹೌದು ಹೌದು ಎಂದು ತಲೆಯಾಡಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಅಮ್ಮನ ಮುಂದೆ ಹಿಡಿದರು. ಸಕ್ಕರೆಯಿಲ್ಲದ ಹಸಿರು ಟೀ. ಕಾಫಿಯ ಹೊರತು ಏನನ್ನೂ ಮುಟ್ಟದ ನಮ್ಮಮ್ಮ ಒಂದು ಹನಿ ಬಿಡದೆ ಕುಡಿದಳು.

"ಆ ಇನ್ನೊಂದು ಟಿಕೆಟ್ ಕ್ಯಾನ್ಸಲ್ ಮಾಡ್ಬಿಡು," ಎಂದಳು ನನ್ನ ಕಡೆ ತಿರುಗದೆ. "ಇದನ್ನೆಲ್ಲ ಅವಳಿಗೆ ಹೇಳ್ಬೇಡ. ಸಂಕೋಚ ಪಟ್ಕೊಂಡು ಇವರಿಗೆ ಬರಬೇಡಿ ಅಂದ್ಬಿಡ್ತಾಳೆ."

ಅಷ್ಟರಲ್ಲಿ ದೂರದಲ್ಲಿ ಚಿಕ್ಕಮ್ಮ ಹಲಗೆಯ ಮೇಲೆ ನಿಂತೇ ಜಾರುತ್ತಾ, ಜಾರುತ್ತಾ, ಬಹಳ ದೂರ ಹೋಗಿ, ಬೀಳದೆ ನೀರಿಗೆ ಇಳಿದಳು. ತನಗೇ ನಂಬಿಕೆಯಾಗದೆ ನಮ್ಮ ಕಡೆ ತಿರುಗಿ ಕೂಗಿದಳು:

"ನೋಡಿದ್ಯಾ?"

ಗೋಡೆಯ ಮೇಲೆ ಕೂತಿದ್ದ ಇಬ್ಬರೂ ಒಟ್ಟಿಗೆ ಕೈ ಎತ್ತಿದರು.